ಕೈ ಅಲ್ಲಾಡುವ ಮೊದಲು

ಐಗನ್ ವ್ಯಾಲ್ಯೂ ಎದಕ್ಕ ಬೇಕು ಅಂತ ಫಸ್ಟ್ ಇಯರ್‌ನಲ್ಲಿ ನಾವು ಸೀನಿಯರ್ ಒಬ್ಬರನ್ನು ಕೇಳಿದ್ದೆವು. "ಎಂಟು ಮಾರ್ಕ್ಸಿಗೆ" ಅಂದಿದ್ದರು. ಅದು ಮನುಷ್ಯನ ಕೈ ಅಲ್ಲಾಡೋದನ್ನ ಅರ್ಥ ಮಾಡಿಕೊಳ್ಳೋಕೂ ಬೇಕು ಅಂತ ನಮಗೆ ಗೊತ್ತಾಗಿದ್ದು ಕೃಷ್ಣ ಶೆಣೈ ಅವರ ಕೆಲಸ ಓದಿದ ಮೇಲೆ.

ಶೆಣೈ ಅಂದ ಕೂಡಲೇ ನಮಗೆ ಉಡುಪಿ-ಮಂಗಳೂರು ಕಡೆಯ ಹೆಸರು ಅನ್ನಿಸ್ತು. ಆದರೆ ಇವರು ಹುಟ್ಟಿದ್ದು 1968ರಲ್ಲಿ, ಅಮೆರಿಕದಲ್ಲಿ. ಓದಿದ್ದು ನಮ್ಮ ಹಾಗೇ ಎಂಜಿನಿಯರಿಂಗ್, ಅದೂ ಎಲೆಕ್ಟ್ರಿಕಲ್. 1995ರಲ್ಲಿ ಎಂಐಟಿಯಿಂದ ಪಿಎಚ್‌ಡಿ ಪಡೆದರು. ಅದಾದ ಮೇಲೆ ಕ್ಯಾಲ್‌ಟೆಕ್‌ಗೆ ಹೋಗಿ ಮಿದುಳಿನ ವಿಜ್ಞಾನ ಕಲಿಯೋಕೆ ಕೂತರು. ಡಾಕ್ಟರೇಟ್ ಕೈಯಲ್ಲಿ ಇಟ್ಟುಕೊಂಡು ಬೇರೆ ವಿಷಯಕ್ಕೆ ಮತ್ತೆ ಶಿಷ್ಯ ಆಗೋದು ಸಣ್ಣ ಮಾತಲ್ಲ. ನಮಗಂತೂ ಬ್ರಾಂಚ್ ಚೇಂಜ್ ಫಾರ್ಮ್ ತುಂಬೋಕೇ ಧೈರ್ಯ ಸಾಲಲಿಲ್ಲ! 2001ರಿಂದ ಕೊನೆವರೆಗೂ ಅವರು ಸ್ಟ್ಯಾನ್‌ಫರ್ಡ್‌ನಲ್ಲಿದ್ದರು.

ಅವರ ಲ್ಯಾಬಿನ ಒಂದು ಪ್ರಶ್ನೆ ನಮಗೆ ಭಾಳ ಹಿಡಿಸಿತು. ಕೋತಿಗೆ ಪರದೆ ಮೇಲೆ ಒಂದು ಗುರಿ ತೋರಿಸ್ತಾರೆ, ಆದರೆ ಸೂಚನೆ ಬರೋವರೆಗೆ ಕೈ ಚಾಚೋ ಹಾಗಿಲ್ಲ. ಕಾಯುವ ಆ ಅರೆಗಳಿಗೆಯಲ್ಲೇ ಚಲನೆಯ ಕಾರ್ಟೆಕ್ಸಿನ ನ್ಯೂರಾನ್‌ಗಳು ಜೋರಾಗಿ ಕೆಲಸ ಮಾಡ್ತಿರ್ತಾವೆ. ಹಾಗಾದರೆ ಕೈ ಯಾಕೆ ಅಲ್ಲಾಡೋದಿಲ್ಲ? 2014ರಲ್ಲಿ ಅವರ ತಂಡ ಕೊಟ್ಟ ಉತ್ತರ ನಮ್ಮ ಗಣಿತದ ಪುಸ್ತಕದಲ್ಲೇ ಇದೆ: ನಲ್ ಸ್ಪೇಸ್. ಒಂದು ನ್ಯೂರಾನ್ ಏರಿದಷ್ಟು ಇನ್ನೊಂದು ಇಳಿದರೆ ಸ್ನಾಯುವಿಗೆ ತಲುಪುವ ಮೊತ್ತ ಬದಲಾಗೋದಿಲ್ಲ. ಮಿದುಳು ಒಳಗೊಳಗೇ ತಯಾರಾಗುತ್ತೆ, ಕೈಗೆ ಸುದ್ದಿ ಮುಟ್ಟೋದಿಲ್ಲ.

ಅದಕ್ಕೂ ಮುಂಚೆ, 2012ರಲ್ಲಿ, ಇನ್ನೊಂದು ಪ್ರಬಂಧ ಬಂದಿತ್ತು. ಪ್ರತಿ ನ್ಯೂರಾನಿಗೂ ತನಗೆ ಇಷ್ಟವಾದ ಒಂದು ದಿಕ್ಕು ಇರುತ್ತೆ ಅನ್ನೋದು 1980ರ ದಶಕದಿಂದ ನಡೆದು ಬಂದ ಮಾತು. ಶೆಣೈ ತಂಡದವರು ಒಂದೊಂದೇ ನ್ಯೂರಾನ್ ಬಿಟ್ಟು ಇಡೀ ಗುಂಪನ್ನು ಒಂದು ವ್ಯವಸ್ಥೆಯ ಹಾಗೆ ನೋಡಿದರು. ಕೈ ಚಾಚುವಾಗ ಆ ಗುಂಪಿನ ಸ್ಥಿತಿ ಸುತ್ತು ಹಾಕುತ್ತಾ ಸಾಗೋದು ಕಾಣಿಸಿತು. ಸುತ್ತು ಅಂದ್ರೆ ಕಾಲ್ಪನಿಕ ಐಗನ್ ವ್ಯಾಲ್ಯೂ. ಎಂಟು ಮಾರ್ಕ್ಸಿನ ಅದೇ ಪ್ರಶ್ನೆ!

ಇದನ್ನೆಲ್ಲ ನಾವು ಬರೀ ಕುತೂಹಲಕ್ಕೆ ಓದಲಿಲ್ಲ. ನಾವು ಯರಗುಪ್ಪಿಯವರು. ಓದಿದ್ದು ಇಂಗ್ಲಿಷ್ ಮೀಡಿಯಂ, ಆದರೆ ಮನೆಮಾತು ಎರಿ ಹೊಲದ್ದು. ಎರಡು ವರ್ಷದ ಹಿಂದೆ ನಮ್ಮ ಅಜ್ಜನಿಗೆ ಲಕ್ವಾ ಹೊಡೀತು. ಕೂರಿಗಿ ಹಿಡಿದ ಬಲಗೈ ಬಿದ್ದುಹೋಯ್ತು. ಉದ್ದ ಬಾಲದ ಸಹಿ ಮಾಡುತ್ತಿದ್ದವರು ಈಗ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಅವರಿಗೆ ಕೈ ಹೋದದ್ದಕ್ಕಿಂತ ಅದರದ್ದೇ ಸಂಕಟ ಹೆಚ್ಚು. "ಮನಸಿನ್ಯಾಗ ಸಹಿ ಪೂರಾ ಬರಿತೇನಿ ನೋಡ್ರೋ, ಕೈಗೆ ತಿಳಿಯವಲ್ದು" ಅಂತಾರೆ.

2021ರಲ್ಲಿ ಶೆಣೈ ಮತ್ತು ನರಶಸ್ತ್ರಚಿಕಿತ್ಸಕ ಜೇಮಿ ಹೆಂಡರ್ಸನ್ ಅವರ ತಂಡ ಹಿಡಿದದ್ದು ಹೆಚ್ಚುಕಡಿಮೆ ಇದೇ ಮಾತನ್ನ. 2007ರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕುತ್ತಿಗೆ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ 65 ವರ್ಷದ ಒಬ್ಬರ ಮಿದುಳಿನಲ್ಲಿ ಚಿಕ್ಕ ಮಾತ್ರೆಯಷ್ಟಗಲದ ಎರಡು ಚಿಪ್ ಕೂರಿಸಿದ್ದರು. ಒಂದೊಂದರಲ್ಲಿ 96 ಎಲೆಕ್ಟ್ರೋಡ್. ಅವರು ಪೆನ್ನು ಹಿಡಿದು ಬರೆಯುವ ಪ್ರಯತ್ನವನ್ನು ಮನಸ್ಸಿನಲ್ಲೇ ಮಾಡಿದರೆ ಕಂಪ್ಯೂಟರ್ ಆ ಅಕ್ಷರಗಳನ್ನ ಪರದೆ ಮೇಲೆ ಮೂಡಿಸಿತು. ವೇಗ ನಿಮಿಷಕ್ಕೆ 90 ಅಕ್ಷರ, ನಿಖರತೆ ಶೇ 94. ಕೈ ನಿಂತು ಹತ್ತು ವರ್ಷದ ಮೇಲಾಗಿದ್ದರೂ ಮಿದುಳಿಗೆ ಅಕ್ಷರ ಮರೆತಿರಲಿಲ್ಲ.

ಅಜ್ಜನಿಗೆ ಇದನ್ನ ಹೇಳಿದೆವು. "ನನಗೂ ಅದನ್ನ ಹಾಕ್ಸ್ರಿ ಹಂಗಾರ" ಅಂದರು. ಇಲ್ಲಿ ನಾವು ಸುಳ್ಳು ಆಸೆ ಹುಟ್ಟಿಸೋ ಹಾಗಿರಲಿಲ್ಲ. ಆ ವ್ಯಕ್ತಿಯ ಮಿದುಳು ಸರಿ ಇತ್ತು, ಕೆಳಗಿನ ತಂತಿ ತುಂಡಾಗಿತ್ತು. ಲಕ್ವಾದಲ್ಲಿ ಪೆಟ್ಟು ಬಿದ್ದಿರೋದೇ ಮಿದುಳಿಗೆ, ಹಾಗಾಗಿ ಲೆಕ್ಕ ಬೇರೆ. ಉಳಿದ ಭಾಗ ಒಂದಿಷ್ಟು ಕೆಲಸ ಕಲಿಯಬಹುದು, ಅದಕ್ಕೆ ದಿನಾ ಅದನ್ನೇ ಮಾಡಿಸ್ತಾ ಇರಬೇಕು. ಅವ್ವ ದಿನಾ ಮುಂಜಾನೆ ಅವರ ಕೈಲಿ ಒಂದು ತಾಟಿನಿಂದ ಇನ್ನೊಂದಕ್ಕೆ ಕಡ್ಲಿಕಾಳು ಎತ್ತಿ ಇಡಿಸ್ತಾಳೆ. ಈ ದೀಪಾವಳಿಗೆ ಹೋದಾಗ ಎಣಿಸಿದೆವು, ಹನ್ನೊಂದು ಕಾಳು.

ಶೆಣೈ 2023ರ ಜನವರಿ 21ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 54. ಮಾತು ಕಳೆದುಕೊಂಡವರ ಮಿದುಳಿನಿಂದ ನಿಮಿಷಕ್ಕೆ 62 ಪದ ಹೊರಡಿಸಿದ ಅವರ ತಂಡದ ಕೆಲಸ ಪ್ರಕಟವಾಗಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ನಮ್ಮಲ್ಲೇ ಬೇಕಂದ್ರೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಆದಿತ್ಯ ಮೂರ್ತಿ ಅವರ ಲ್ಯಾಬು ಕಣ್ಣು ಮತ್ತು ಕೈ ಚಲನೆಯನ್ನ ಮಿದುಳು ಹೇಗೆ ಯೋಜಿಸುತ್ತೆ, ಹೇಗೆ ತಡೆಯುತ್ತೆ ಅಂತ ನೋಡ್ತಿದೆ. ಇಂಟರ್ನ್‌ಶಿಪ್ ಹುಡುಕೋರು ಗಮನಿಸಿ.

ಕೈಬರಹದ ಆ ಪ್ರಯೋಗದ ಡೇಟಾ ಮತ್ತು ಕೋಡ್ ಯಾರು ಬೇಕಾದರೂ ಇಳಿಸಿಕೊಳ್ಳೋ ಹಾಗೆ ಇಟ್ಟಿದ್ದಾರೆ. ಅದರಲ್ಲಿರೋದು ಇಂಗ್ಲಿಷಿನ 26 ಅಕ್ಷರ, ಜೊತೆಗೆ ಐದು ಚಿಹ್ನೆ. ನೆಟ್ಟಗಿನ ಗೆರೆಗಿಂತ ತಿರುವುಮುರುವಿನ ಬರಹವನ್ನ ಗುರುತಿಸೋದು ಕಂಪ್ಯೂಟರಿಗೆ ಸುಲಭ ಅಂತ ಅದೇ ಪ್ರಬಂಧ ಹೇಳುತ್ತೆ. ಹಾಗಾದರೆ ನಮ್ಮ ದುಂಡನೆಯ ಕನ್ನಡಕ್ಕೆ ಲಾಭವೋ? ಆದರೆ ಮ-ವ, ಪ-ಷ ಒಂದೇ ಥರ ಕಾಣ್ತಾವಲ್ಲ, ಮೇಲೆ ಒತ್ತಕ್ಷರ ಬೇರೆ. ಮೊದಲು ಪೆನ್ನಿನ ಓಟವನ್ನಷ್ಟೇ ಟ್ಯಾಬ್ಲೆಟ್‌ನಲ್ಲಿ ಹಿಡಿದು ಯಾವ ಅಕ್ಷರ ಯಾವುದಕ್ಕೆ ಹತ್ತಿರ ಅಂತ ಲೆಕ್ಕ ಹಾಕೋಣ ಅಂತಿದ್ದೇವೆ. ಪೈಥಾನ್ ಬರೋರು ಶನಿವಾರ ಸಂಜೆ ಲೈಬ್ರರಿ ಹಿಂದಿನ ಕಟ್ಟೆಗೆ ಬರ್ರಿ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬರ್ರಿ, ಅಲ್ಲಿ ಪ್ಲಗ್ ಇಲ್ಲ.