ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು

ಸಾಲಿಗ್ರಾಮದ ಒಂದು ಮನೆ. ಮೈಸೂರಿನಲ್ಲಿ ಬಿ.ಸಿ.ಎ. ಓದುವ ಮಗಳು ರಜೆಗೆ ಬಂದು ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಾಳೆ. ಪಕ್ಕದಲ್ಲಿ ಅಪ್ಪ, ಕೈಯಲ್ಲಿ ಬೆಳೆ ಸಾಲಕ್ಕೆಂದು ತೆಗೆಸಿದ ಪಹಣಿ. ಅದರ 9ನೇ ಕಾಲಮ್ಮಿನಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಅಜ್ಜ ತೀರಿಕೊಂಡು ಆರು ವರ್ಷವಾಯಿತು.

ಮಗಳ ಪಾಠವೂ ದಾಖಲೆಯದ್ದೇ. ಜಾವಾ ಭಾಷೆಯ 16ನೇ ಆವೃತ್ತಿಯಲ್ಲಿ, ಅಂದರೆ 2021ರಲ್ಲಿ, ‘ರೆಕಾರ್ಡ್’ ಎಂಬ ಹೊಸ ವಿಧವೊಂದು ಕಾಯಂ ಆಗಿ ಸೇರಿತು. ಸರ್ವೆ ನಂಬರು, ಹೆಸರು, ವಿಸ್ತೀರ್ಣ ಎಂದು ಒಮ್ಮೆ ತುಂಬಿದರೆ ಮುಗಿಯಿತು. ಆಮೇಲೆ ಆ ಹೆಸರಿನ ಜಾಗದಲ್ಲಿ ಇನ್ನೊಂದನ್ನು ಬರೆಯಹೋದರೆ ಕಂಪೈಲರ್ ಒಪ್ಪುವುದಿಲ್ಲ.

“ಹಂಗಾದ್ರೆ ನಿಮ್ ಕಂಪ್ಯೂಟರ್‌ನಲ್ಲಿ ಸತ್ತೋರಿಗೂ ಬಿಡುಗಡೆ ಇಲ್ವೇನವ್ವ?” ಎಂದು ಅಪ್ಪ ನಕ್ಕರು.

“ಹಳೇದನ್ನ ಮುಟ್ಟಂಗಿಲ್ಲ ಕಣಪ್ಪ. ಬೇಕಾದ್ರೆ ಹೊಸದೊಂದು ಮಾಡ್ಕೋಬೇಕು.”

ರೈತನಿಗೆ ಇದೇನೂ ಹೊಸದಲ್ಲ. ಖಾತೆ ಬದಲಾಗುವಾಗ ಹಳೆಯ ಹೆಸರನ್ನು ಸುಮ್ಮನೆ ಅಳಿಸಿ ಹೊಸದನ್ನು ಬರೆಯುವಂತಿಲ್ಲ. ಅರ್ಜಿ, ನೋಟಿಸು, ತಕರಾರಿಗೆ ಅವಕಾಶ, ಆದೇಶ, ಇಷ್ಟೆಲ್ಲ ಆದ ಮೇಲೆ ಎಂ.ಆರ್. ನಂಬರು 10ನೇ ಕಾಲಮ್ಮಿಗೆ ಬರುತ್ತದೆ. ಹಿಂದಿನ ವರ್ಷಗಳ ಪಹಣಿ ಹಾಗೆಯೇ ಉಳಿಯುತ್ತದೆ. ತಮಾಷೆಯೆಂದರೆ ಕಂದಾಯ ಇಲಾಖೆ ಇದನ್ನೇ ‘ಮ್ಯುಟೇಷನ್’ ಎನ್ನುತ್ತದೆ. ಪ್ರೋಗ್ರಾಮ್ ಬರೆಯುವವರ ಬಾಯಲ್ಲಿ ಅದೇ ಪದಕ್ಕೆ ಇದ್ದಲ್ಲೇ ತಿದ್ದುವುದು ಎಂದರ್ಥ! ಕೈಬರಹದ ಕಾಲದಲ್ಲಿ ಹಾಗೆ ಇದ್ದಲ್ಲೇ ತಿದ್ದಿದರೆ ಯಾರು ತಿದ್ದಿದರೆಂದು ಹಿಡಿಯುವುದು ಕಷ್ಟವಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ದಾಖಲೆ ಮುಟ್ಟುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗುವಂತೆ ಮಾಡಿದ್ದು ಈ ಕಾರಣಕ್ಕೆ.

ಆದರೆ ಜಾವಾದ ರೆಕಾರ್ಡಿನಲ್ಲಿ ಒಂದು ಕಿಂಡಿಯಿದೆ. ಒಂದು ಹೆಸರಿನ ಬದಲು ಹೆಸರುಗಳ ಪಟ್ಟಿಯನ್ನೇ ಅದರೊಳಗೆ ಇಟ್ಟರೆ, ‘ಪಟ್ಟಿ ಇದೇ’ ಎಂಬುದಕ್ಕಷ್ಟೇ ಬೀಗ. ಪಟ್ಟಿಯೊಳಗಿಂದ ಒಂದು ಹೆಸರು ಜಾರಿಹೋದರೆ ರೆಕಾರ್ಡು ಚಕಾರವೆತ್ತುವುದಿಲ್ಲ. ತುಂಬುವಾಗಲೇ ಪಟ್ಟಿಯ ಬದಲಾಗದ ಪ್ರತಿಯೊಂದನ್ನು ಮಾಡಿ ಇಡಬೇಕು. ಹುಡುಗರು ಪರೀಕ್ಷೆಯಲ್ಲಿ ತಪ್ಪುವುದು ಇಲ್ಲೇ.

ಮಗಳು ಉದಾಹರಣೆಗೆಂದು ಅಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರ ಹೆಸರು ಬರೆದು, ಅತ್ತೆಯರನ್ನು ತೆಗೆದು ತೋರಿಸಿದಳು. ದೂರಿಲ್ಲದೆ ಪ್ರೋಗ್ರಾಮ್ ಓಡಿತು.

ಅಪ್ಪ ಮಾತಾಡಲಿಲ್ಲ. ಪೌತಿ ಖಾತೆಗೆಂದು ಅವರು ಬರೆದಿಟ್ಟಿದ್ದ ವಂಶವೃಕ್ಷದಲ್ಲೂ ಎರಡೇ ಹೆಸರಿದ್ದವು. ಪಹಣಿಯ ಕೆಳಗಿದ್ದ ಆ ಹಾಳೆ ಮಗಳ ಕಣ್ಣಿಗೂ ಬಿತ್ತು.

“ಅತ್ತೇರು ಎಲ್ಲಪ್ಪ?”

“ಅವರಿಗೆ ಮದುವೇಲಿ ಕೊಡೋದು ಕೊಟ್ಟಾಗದೆ.”

“2005ರಲ್ಲೇ ಕಾನೂನು ಬಂತು. ಹೆಣ್ಣುಮಕ್ಕಳಿಗೂ ಸಮಪಾಲು.” ಸ್ವಲ್ಪ ತಡೆದು ಕೇಳಿದಳು: “ನಾಳೆ ನನ್ನ ಹೆಸರನ್ನೂ ಹಿಂಗೇ ಬಿಡ್ತೀಯಾ?”

ಅಪ್ಪ ಎದ್ದು ಹಿತ್ತಲಿಗೆ ಹೋದರು. ಹಸುವಿಗೆ ಹುಲ್ಲು ಹಾಕಿದರು, ನೀರಿಟ್ಟರು. ಕತ್ತಲಾಗುವ ಹೊತ್ತಿಗೆ ಅವರು ಫೋನಿನಲ್ಲಿ ಮಾತಾಡುವುದು ಒಳಗೆ ಕೇಳಿಸಿತು.

“ಅಕ್ಕ, ಊಟ ಆಯ್ತಾ? ಏನಿಲ್ಲ, ನಿನ್ನ ಆಧಾರ್ ಕಾರ್ಡಿಂದು ಒಂದು ಜೆರಾಕ್ಸ್ ಬೇಕಾಗಿತ್ತು. ಚಿಕ್ಕಕ್ಕಂದೂ ಇಸ್ಕೊಂಡು ಬಾ.”