ಆಯಮ್ಮ ಯಾವ ಕೋಷ್ಟಕದಲ್ಲಿದ್ದಾರೆ?

ನನ್ನ ಪಿಎಚ್‌ಡಿ ಕೆಲಸವನ್ನು ಮೊದಲ ಸಲ ನಾಲ್ಕು ಜನರೆದುರು ಮಂಡಿಸಲು ಹೋದಾಗ ಪೆನ್‌ಡ್ರೈವಿನಲ್ಲಿ 84 ಸ್ಲೈಡುಗಳಿದ್ದವು. ಕೊಟ್ಟಿದ್ದ ಸಮಯ 20 ನಿಮಿಷ. ಜೀವ 84 ಲಕ್ಷ ಯೋನಿಗಳಲ್ಲಿ ಹಾದು ಬರುತ್ತದಂತೆ. ಅಂದಿನ ಸಭೆ ಅದರ ಸಣ್ಣದೊಂದು ಮಾದರಿಯನ್ನು ಅನುಭವಿಸಿತು. ಒಂದೊಂದು ಸ್ಲೈಡಿಗೂ ಅಕ್ಷರಗಳು ಎಲ್ಲೆಲ್ಲಿಂದಲೋ ಹಾರಿ ಬಂದು ಗುಬ್ಬಚ್ಚಿಗಳ ಹಾಗೆ ಕೂರುತ್ತಿದ್ದವು. ಅವು ಕೂತು ಮುಗಿಯುವವರೆಗೆ ನಾನೂ ಸಭೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾಯುತ್ತಿದ್ದೆವು. 2008ರಲ್ಲೇ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು ಇಡೀ ಪ್ರಬಂಧವನ್ನು ಮೂರೇ ನಿಮಿಷದಲ್ಲಿ, ಒಂದೇ ಸ್ಲೈಡಿನಲ್ಲಿ, ಅದೂ ಅಲುಗಾಡದ ಸ್ಲೈಡಿನಲ್ಲಿ ಹೇಳುವ ಸ್ಪರ್ಧೆ ಶುರು ಮಾಡಿದ್ದರು. ಆ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಬಹಳ ತಡವಾಗಿ. ಆಗಲೇ ಬಿದ್ದಿದ್ದರೂ ಇದು ಯಾವುದೋ ಸೋಮಾರಿಗಳ ಉಪಾಯ ಎಂದುಕೊಳ್ಳುತ್ತಿದ್ದೆ.

ನನ್ನ ವಿಷಯ 'ಗ್ರಾಮೀಣ ರೈತರ ಮೇಲೆ ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳ ಪ್ರಭಾವ: ಒಂದು ಅಧ್ಯಯನ'. ಕೊನೆಗೆ 'ಒಂದು ಅಧ್ಯಯನ' ಎಂದು ಸೇರಿಸದಿದ್ದರೆ ಯಾರಾದರೂ ಇದನ್ನು ಕಾದಂಬರಿ ಎಂದುಕೊಂಡಾರು ಎಂಬ ಭಯ ನಮ್ಮ ಕಾಲದ ಸಂಶೋಧಕರಿಗೆಲ್ಲ ಇತ್ತು. ಮೊದಲ ಹತ್ತು ಸ್ಲೈಡು ಮಂಗಳೂರ ಸಮಾಚಾರಕ್ಕೆ ಮೀಸಲು. ವಿಷಯ ರೇಡಿಯೋ ಆಗಿರಲಿ, ರೀಲ್ಸ್ ಆಗಿರಲಿ, 1843ರಲ್ಲಿ ಹರ್ಮನ್ ಮೊಗ್ಲಿಂಗ್ ತಂದ ಆ ಕಲ್ಲಚ್ಚಿನ ಪತ್ರಿಕೆಗೆ ಕೈಮುಗಿಯದೆ ಕನ್ನಡದ ಯಾವ ಮಾಧ್ಯಮ ಸಂಶೋಧನೆಯೂ ಮುಂದಕ್ಕೆ ಹೋಗುವುದಿಲ್ಲ. ಅದು ನಮ್ಮ ಗಣಪತಿ ಪೂಜೆ. ಅದಾದ ಮೇಲೆ 1948ರ ಲಾಸ್‌ವೆಲ್: ಯಾರು, ಏನನ್ನು, ಯಾವ ದಾರಿಯಲ್ಲಿ, ಯಾರಿಗೆ, ಯಾವ ಪರಿಣಾಮದೊಂದಿಗೆ ಹೇಳಿದರು ಎಂಬ ಐದು ಪ್ರಶ್ನೆ. ಅದಾದ ಮೇಲೆ ಬಾಣದ ಗುರುತುಗಳು. ನನಗೆ ಬಾಣದ ಗುರುತುಗಳ ಮೇಲೆ ವಿಶೇಷ ಪ್ರೀತಿ.

ಎಷ್ಟು ಜನ ರೈತರನ್ನು ಮಾತಾಡಿಸಿದಿರಿ ಎಂದರೆ 400. ಬೇಕಾದರೆ ಯಾವ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕಾದರೂ ಹೋಗಿ ನಾಲ್ಕು ಮಾಧ್ಯಮ ಪ್ರಬಂಧ ತೆಗೆದು ನೋಡಿ, ಒಂದರಲ್ಲಾದರೂ 400 ಸಿಗದಿದ್ದರೆ ಕೇಳಿ. ತಾರೋ ಯಮಾನೆ ಎಂಬವರ ಒಂದು ಸೂತ್ರವಿದೆ. ಶೇಕಡಾ 5ರಷ್ಟು ತಪ್ಪಿಗೆ ಅವಕಾಶ ಕೊಟ್ಟರೆ 10 ಸಾವಿರ ಜನರಿರುವ ಕಡೆ 385 ಮಂದಿ ಸಾಕು, ಒಂದು ಲಕ್ಷಕ್ಕೆ 398, ಒಂದು ಕೋಟಿಗೂ 400 ದಾಟುವುದಿಲ್ಲ. ಸಂಶೋಧಕನ ಚಪ್ಪಲಿಯ ಮೇಲೆ ಇಷ್ಟು ಕರುಣೆ ತೋರಿದ ಸೂತ್ರ ಇನ್ನೊಂದಿಲ್ಲ. ನಾನಂತೂ ಅದಕ್ಕೆ ಋಣಿ.

ಆ 400ರಲ್ಲಿ ಒಬ್ಬರು ನಾಗಮಂಗಲದ ಕಡೆಯ ಒಂದು ಹಳ್ಳಿಯ ಅಜ್ಜಿ. ಸಂಜೆ ಹೊತ್ತು. ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದ ರೇಡಿಯೋದಲ್ಲಿ ರಾಗಿಯ ಬೆಂಕಿರೋಗದ ಬಗ್ಗೆ ಯಾರೋ ತಜ್ಞರು ಗಂಭೀರವಾಗಿ ಮಾತಾಡುತ್ತಿದ್ದರು. ಅಜ್ಜಿ ಹಾಲು ಕರೆಯುತ್ತಿದ್ದರು. ನನಗೆ ಸ್ವರ್ಗ ಸಿಕ್ಕಿದಂತಾಯಿತು. ಪ್ರಶ್ನಾವಳಿ ತೆಗೆದು, 'ಈ ಕಾರ್ಯಕ್ರಮದ ಮಾಹಿತಿ ನಿಮಗೆ ಉಪಯುಕ್ತವೇ? ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಬಲವಾಗಿ ಒಪ್ಪುವುದಿಲ್ಲ' ಎಂದು ಒಂದೇ ಉಸಿರಿಗೆ ಓದಿದೆ.

"ನೀನು ಯೋಳುದ್ರೆ ಸರಿಯೇ ಬುಡಪ್ಪ" ಎಂದರು.

ನಾನು ಹೇಳುವುದಲ್ಲ, ನೀವು ಹೇಳಬೇಕು ಎಂದೆ.

"ಅದು ನಂಗಲ್ಲ ಕಣಪ್ಪ, ಹಸೀಗೆ. ನಮ್ ಯಜಮಾನ್ರು ಕರೀತಿದ್ರು. ಅವ್ರೋದ್ಮೇಕೆ ನನ್ ಕೈಗೆ ನಿಲ್ತಿರ್ಲಿಲ್ಲ, ಒದ್ಯದು. ಗಂಡಸ್ರು ದನಿ ಇದ್ರೆ ನಿಂತ್ಕತದೆ. ಅದ್ಕೇಯ ರೇಡಿಯಾ ಹಾಕೀನಿ."

ಹಸು ಒಮ್ಮೆ ನನ್ನ ಕಡೆ ನೋಡಿ, ನನ್ನ ದನಿ ಅಷ್ಟೇನೂ ಹಿಡಿಸದೆ, ಮತ್ತೆ ರಾಗಿಯ ಬೆಂಕಿರೋಗಕ್ಕೆ ಕಿವಿಗೊಟ್ಟಿತು. ನಾನು 'ತಟಸ್ಥ' ಎಂದು ಟಿಕ್ ಹಾಕಿ, ಅಜ್ಜಿ ಕೊಟ್ಟ ಕಾಫಿ ಕುಡಿದು ಮುಂದಿನ ಮನೆಗೆ ಹೋದೆ.

ಮಂಡನೆಯ ದಿನ 84ನೆಯ ಸ್ಲೈಡಿನಲ್ಲಿ ಧನ್ಯವಾದಗಳು ಗಿರಗಿರನೆ ತಿರುಗಿ ನಿಂತ ಮೇಲೆ, ಹೊರಗಿನಿಂದ ಬಂದಿದ್ದ ಪ್ರೊಫೆಸರು ನೀರು ಕುಡಿದು, "ಫೀಲ್ಡ್ ವರ್ಕಿನಲ್ಲಿ ಏನಾದರೂ ಸ್ವಾರಸ್ಯ ನಡೀತೇನ್ರಿ?" ಎಂದು ಕೇಳಿದರು. ಕಷ್ಟದ ಪ್ರಶ್ನೆ ತಪ್ಪಿತಲ್ಲ ಎಂಬ ಖುಷಿಯಲ್ಲಿ ಅಜ್ಜಿಯ ಕತೆ ಹೇಳಿದೆ. ಹಸುವಿನ ಪಾತ್ರವನ್ನು ಸ್ವಲ್ಪ ಅಭಿನಯಿಸಿಯೂ ತೋರಿಸಿದೆ. ಸಭೆ ಮೊದಲ ಬಾರಿಗೆ ಎಚ್ಚರವಾಯಿತು, ಗೊಳ್ಳೆಂದು ನಕ್ಕಿತು. ಪ್ರೊಫೆಸರು ಮಾತ್ರ ನಗಲಿಲ್ಲ.

"ಆಯಮ್ಮ ಯಾವ ಕೋಷ್ಟಕದಲ್ಲಿದ್ದಾರೆ?"

4.17 ಎಂದೆ. ಉಪಯುಕ್ತತೆ. ತಟಸ್ಥ. 61 ಮಂದಿ.

"ಉಳಿದ 60 ಮಂದಿ ಯಾಕೆ ತಟಸ್ಥ ಅಂತ ಗೊತ್ತಾ?"

ಗೊತ್ತಿರಲಿಲ್ಲ. ಅವರ ಮನೆಗಳಲ್ಲಿ ಹಸು ಇತ್ತೋ, ಎಮ್ಮೆ ಇತ್ತೋ, ನಿದ್ದೆ ಬಾರದ ಮಗುವಿತ್ತೋ, ನಾನು ಕೇಳಿರಲಿಲ್ಲ. ಪ್ರೊಫೆಸರು ಇನ್ನೊಂದು ಮಾತು ಹೇಳಿದರು: 1940ರ ದಶಕದಲ್ಲಿ ಅಮೆರಿಕದಲ್ಲಿ ಹರ್ಟಾ ಹರ್ಜೋಗ್ ಎಂಬಾಕೆ ಹಗಲು ಹೊತ್ತಿನ ರೇಡಿಯೋ ಧಾರಾವಾಹಿ ಕೇಳುವ ಗೃಹಿಣಿಯರನ್ನು ಮಾತಾಡಿಸಿ, ಕತೆಗಿಂತ ಆಚೆಗೆ ಅವರಿಗೆ ಅದರಿಂದ ಏನು ಸಿಗುತ್ತದೆ ಎಂದು ಕೇಳಿದ್ದರು. ಕೆಲವರಿಗೆ ಅಳಲು ಒಂದು ನೆಪ, ಕೆಲವರಿಗೆ ಸಂಸಾರ ನಡೆಸುವ ಸಲಹೆ. "ನಿಮ್ಮ ಎರಡನೇ ಅಧ್ಯಾಯದಲ್ಲಿ ಆಕೆಯ ಹೆಸರಿದೆ, ನೋಡಿದೆ" ಎಂದರು. ಇತ್ತು. ಇನ್ನೊಬ್ಬರ ಪ್ರಬಂಧದಿಂದ ಎತ್ತಿಕೊಂಡು ಆವರಣದೊಳಗೆ ಕೂರಿಸಿದ್ದೆ. ಆಕೆ ಹೆಂಗಸು ಎಂಬುದು ನನಗೆ ತಿಳಿದದ್ದೇ ಆ ಕ್ಷಣ.

ನಮ್ಮ ಗೈಡು ಹೊರಗೆ ಬಂದು, "ಏನಯ್ಯ, ಒಂದು ಹಸು ಬಂದು ನಾಲ್ಕು ವರ್ಷದ ಕೆಲಸವನ್ನು ಮೇಯ್ದುಬಿಡ್ತಲ್ಲ" ಎಂದು ಬೆನ್ನು ತಟ್ಟಿ, ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಕೊಡಿಸಿದರು. ಅವರು ಈಗಿಲ್ಲ. ಆ ಉಪ್ಪಿಟ್ಟಿನ ಜತೆ ಮತ್ತೆ ಮಂಡ್ಯ ಜಿಲ್ಲೆಗೆ ಬಸ್ ಹತ್ತುವ ಆಜ್ಞೆಯೂ ಬಂತು. 61ರಲ್ಲಿ 23 ಜನ ಸಿಕ್ಕರು. ಅಜ್ಜಿ ಸಿಗಲಿಲ್ಲ, ಮಗಳ ಊರಿಗೆ ಹೋಗಿದ್ದರು. ಹಸು ಮಾರಿದ್ದರು.

ಹೀಗೆ ಮಂಡಿಸಲು ಕಲಿತೆ, ಅಥವಾ ಕಲಿತೆನೆಂದು ಪ್ರಮಾಣಪತ್ರ ಸಿಕ್ಕಿತು. ಮೌಲ್ಯಮಾಪನ ಮಾಡುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಒಂದು ದಿನ ಅಂಚೆಯಲ್ಲಿ ಬಂಗಾರದ ಅಕ್ಷರದ, ಮೆರೂನ್ ರಟ್ಟಿನ, ಒಂದೂವರೆ ಕೆಜಿ ತೂಗುವ ಪ್ರಬಂಧ ಬರುತ್ತದೆ. ಅಂದಿನಿಂದ ನೀವು ಪರೀಕ್ಷಕರು. ನನ್ನ ಮೊದಲ ವರದಿ ಏಳು ಪುಟ. ಅದರಲ್ಲಿ ಆರು ಪುಟ ಕಾಗುಣಿತದ ತಪ್ಪುಗಳು. ಅಲ್ಪಪ್ರಾಣ, ಮಹಾಪ್ರಾಣ ಹಿಡಿಯುತ್ತ ಹಿಡಿಯುತ್ತ ಆ ಹುಡುಗನ ಪ್ರಾಣವನ್ನೇ ಹಿಡಿದಿದ್ದೆ. ಆತ ಏನು ಕಂಡುಹಿಡಿದಿದ್ದ ಎಂಬುದರ ಬಗ್ಗೆ ನಾನು ಬರೆದದ್ದು ಎರಡು ಸಾಲು. ಈಗ ಎಲ್ಲಾದರೂ ಸಿಕ್ಕರೆ ಕ್ಷಮೆ ಕೇಳಬೇಕು.

ಕೃತಜ್ಞತೆಯ ಪುಟವನ್ನು ಮಾತ್ರ ನಾನು ಎಂದೂ ಬಿಡುವುದಿಲ್ಲ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ತಂದ ನಿಯಮದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಕೃತಜ್ಞತೆಯ ಪುಟವನ್ನಂತೂ ಲೆಕ್ಕದಿಂದಲೇ ಹೊರಗಿಟ್ಟಿದ್ದಾರೆ. ಬರೆದವರು ಅನುಭವಸ್ಥರು. ಇಲ್ಲದಿದ್ದರೆ 'ಬೆನ್ನೆಲುಬಾಗಿ ನಿಂತ' ಗಂಡ, 'ಸದಾ ಪ್ರೋತ್ಸಾಹಿಸಿದ' ಅತ್ತೆ, 'ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಕೊಟ್ಟ' ಡಿಟಿಪಿ ಅಂಗಡಿಯವರು ಎಲ್ಲರೂ ಸೇರಿ ರಾಜ್ಯದ ಪಿಎಚ್‌ಡಿಗಳನ್ನೆಲ್ಲ ಮುಳುಗಿಸಿಬಿಡುತ್ತಿದ್ದರು.

ವೈವಾ ಎಂಬುದು ನಮ್ಮಲ್ಲಿ ಪರೀಕ್ಷೆಗಿಂತ ಹೆಚ್ಚಾಗಿ ಮದುವೆಗೆ ಹತ್ತಿರ. ನಿಯಮದ ಪ್ರಕಾರ ಅದು ಬಹಿರಂಗ ಸಭೆ, ಹಾಗಾಗಿ ಊರಿನಿಂದ ವ್ಯಾನು ಮಾಡಿಕೊಂಡು ಬರುತ್ತಾರೆ. ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಮೊದಲ ಸಾಲಿನಲ್ಲಿ ಸೋದರಮಾವ. ನೀವು ಮಾದರಿ ಆಯ್ಕೆಯ ಬಗ್ಗೆ ಒಂದು ಆಕ್ಷೇಪ ಎತ್ತಿದರೆ ಸೋದರಮಾವ ಮೀಸೆಯ ಮೇಲೆ ಕೈ ಇಡುತ್ತಾರೆ. ಪಕ್ಕದ ಕೊಠಡಿಯಿಂದ ಹೋಳಿಗೆಯ ತುಪ್ಪದ ವಾಸನೆ ಬರುತ್ತಿರುವಾಗ ಸಿದ್ಧಾಂತದ ಚೌಕಟ್ಟನ್ನು ಅಲ್ಲಾಡಿಸುವ ಧೈರ್ಯ ಯಾರಿಗಿದೆ?

ಆದರೂ ನನ್ನದೊಂದು ಪ್ರಶ್ನೆಯಿದೆ, ಎಲ್ಲ ವೈವಾದಲ್ಲೂ ಕೇಳುತ್ತೇನೆ. ಹೋದ ವರ್ಷ ವಾಟ್ಸಾಪಿನ ಸುಳ್ಳು ಸುದ್ದಿಗಳ ಮೇಲೆ ಕೆಲಸ ಮಾಡಿದ್ದ ಹುಡುಗಿಯೊಬ್ಬಳಿಗೂ ಕೇಳಿದೆ. ಅಚ್ಚುಕಟ್ಟಾದ 18 ಸ್ಲೈಡು, ಯಾವ ಅಕ್ಷರವೂ ಹಾರಲಿಲ್ಲ. 400 ಮಂದಿ, ಯಮಾನೆ ಬದುಕಿದ್ದರು.

"ನಿಮ್ಮ ಫಾರಂನಲ್ಲಿ ಹಿಡಿಸದೆ ಹೋದವರು ಯಾರಾದರೂ ಇದ್ದಾರೇನಮ್ಮ?"

ಅವಳು ತಕ್ಷಣ ಉತ್ತರಿಸಲಿಲ್ಲ. ಕೊನೆಯ ಸಾಲಿನ ಕಡೆ ನೋಡಿದಳು.

"ನಮ್ಮಪ್ಪ ಸರ್. ಪೈಲಟ್ ಸ್ಟಡಿಯಲ್ಲಿ ಮೊದಲ ಫಾರಂ ಅವರದೇ. ಸುಳ್ಳು ಸುದ್ದಿ ಅಂತ ಗೊತ್ತಾಗುತ್ತಾ ಅಂದ್ರೆ ಗೊತ್ತಾಗುತ್ತೆ ಅಂದ್ರು. ಗೊತ್ತಿದ್ದೂ ಕಳಿಸ್ತೀರಾ ಅಂದ್ರೆ ಹೂಂ ಅಂದ್ರು. ಯಾಕಪ್ಪ ಅಂದ್ರೆ, ನೀನು ಹಾಸ್ಟೆಲಿನಲ್ಲಿ ಫೋನ್ ಎತ್ತಲ್ಲ, ಇದನ್ನ ಕಳಿಸಿದ್ರೆ ಎರಡು ಗೆರೆ ನೀಲಿ ಆಗುತ್ತೆ, ಮಗು ಎದ್ದಿದೆ ಅಂತ ಗೊತ್ತಾಗುತ್ತೆ ಅಂದ್ರು."

ಕೊನೆಯ ಸಾಲಿನಲ್ಲಿ ಬಿಳಿ ಪಂಚೆಯ ಒಬ್ಬರು ಟವೆಲ್ಲು ಸರಿಮಾಡಿಕೊಂಡು ನೆಲ ನೋಡುತ್ತಿದ್ದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ನಾನು ಯಾವ ಕೋಷ್ಟಕ ಎಂದು ಕೇಳಲಿಲ್ಲ.

ಊಟದ ಹೊತ್ತಿಗೆ ಅವರೇ ಬಂದು ಹೋಳಿಗೆಗೆ ತುಪ್ಪ ಬಡಿಸಿ, "ಸಾ, ಮಗ್ಳು ಸರಿಯಾಗಿ ಯೋಳುದ್ಲಾ?" ಎಂದು ವಿಚಾರಿಸಿದರು. ಸರಿಯಾಗಿ ಹೇಳಿದಳು ಎಂದೆ. ನಂಬರು ಕೇಳಿದರು, ಕೊಟ್ಟೆ. ಅಂದಿನಿಂದ ದಿನಾ ಬೆಳಗ್ಗೆ ಐದೂವರೆಗೆ ಒಂದು ಬರುತ್ತದೆ. ಬೆಳ್ಳುಳ್ಳಿಯಿಂದ ಹೃದಯಾಘಾತ ತಡೆಯುವುದು ಹೇಗೆ, ನಾಳೆ ರಾತ್ರಿ ಆಕಾಶದಲ್ಲಿ ಎರಡು ಚಂದ್ರ, ಹೀಗೆ. ಓದುವುದಿಲ್ಲ. ತೆರೆದು ನೋಡುತ್ತೇನೆ, ಗೆರೆ ನೀಲಿಯಾಗುವಷ್ಟು.