ಅಪ್ಪನ ಹದಿನೇಳನೇ ತಾರೀಖು



ನಿನ್ನೆ ಇಡೀ ದಿನ ವಿಜಯ ದಿವಸದ ಪೋಸ್ಟುಗಳು ಓಡಾಡಿದವು. ನಾನು ಏನೂ ಹಾಕಲಿಲ್ಲ. ಇಬ್ಬರು ಮೆಸೇಜ್ ಮಾಡಿ ಕೇಳಿದ್ರು, "ಅಕ್ಕಾ, ನಿಮ್ಮ ತಂದಿ ಎಪ್ಪತ್ತೊಂದರ ಯುದ್ಧದಾಗ ಇದ್ರಲ್ಲ, ಮರತ್ರೇನು?" ಅಂತ. ಮರೆತಿಲ್ಲ. ನಮ್ಮ ಮನೆಯಲ್ಲಿ ಆ ದಿನ ಅಂದ್ರೆ ಇವತ್ತು, ಡಿಸೆಂಬರ್ 17.

1971ರ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯ್ತು. ಆ ಸಹಿ ಹಾಕುವ ಫೋಟೋ ಎಲ್ಲರೂ ನೋಡಿದ್ದೀರಿ. ಆದರೆ ಅಪ್ಪ ಇದ್ದದ್ದು ಪಶ್ಚಿಮದ ಗಡಿಯಲ್ಲಿ. ಅಲ್ಲಿ ಗುಂಡು ನಿಂತದ್ದು ಮರುದಿನ, 17ರ ರಾತ್ರಿ ಎಂಟು ಗಂಟೆಗೆ. "ಅವರದು ಹದಿನಾರಕ್ಕ ಮುಗೀತು. ನಮಗ ಇನ್ನೂ ಒಂದ ದಿನ ಇತ್ತು. ಆ ಒಂದ ದಿನದಾಗೂ ಸತ್ತಾರ" ಅಂತಿದ್ದ ಅಪ್ಪ. ಯಾರು ಸತ್ತರು ಅಂತ ಕೇಳಿದ್ರೆ ಹೇಳ್ತಿರಲಿಲ್ಲ. ಆದ್ರೆ ಪ್ರತಿ ವರ್ಷ 17ರ ರಾತ್ರಿ ಎಂಟಕ್ಕೆ ಸರಿಯಾಗಿ ಕಾಲು ಸೂಪು ಮಾಡಿ ಕೇರಿಯ ಹತ್ತಾರು ಮಂದಿಗೆ ಕುಡಿಸ್ತಿದ್ದ. ಭಾಷಣ ಇಲ್ಲ, ಹಾರ ಇಲ್ಲ. ಸೂಪು ಅಷ್ಟೇ.

ಈಗ ಆ ಸೂಪು ಮಾಡೋದು ನನ್ನ ಪಾಳಿ. ಬೆಳಿಗ್ಗೆ ಆಫೀಸಿಗೆ ಅರ್ಧ ದಿನದ ರಜೆ ಚೀಟಿ ಕೊಟ್ಟು ಬಂದಿದೀನಿ. ಒಲೆ ಮೇಲೆ ಬೋಗಾಣಿ ಇದೆ. ಅದು ಕುದಿಯೋ ಹೊತ್ತಿಗೆ ಇದನ್ನ ಬರೀತಿದೀನಿ.

ಮಾಡೋ ರೀತಿ ಅಪ್ಪಂದೇ. ಕುರಿ ಕಾಲು ಎಂಟು ಬೇಕು. ಅಂಗಡಿಯಲ್ಲೇ ಸುಟ್ಟು ಕೊಡ್ತಾರೆ, ಆದರೆ ಮನೆಗೆ ತಂದು ಇನ್ನೊಮ್ಮೆ ಚೂರಿಯಿಂದ ಕೆರೀಬೇಕು, ಗೊರಸಿನ ಸಂದಿಯಲ್ಲಿ ಕೂದಲು ಉಳಿದಿರುತ್ತೆ. ಅರಿಷಿಣ ಹಚ್ಚಿ ಬಿಸಿನೀರಿನಲ್ಲಿ ತೊಳೀಬೇಕು. ಆಮೇಲೆ ತುಂಡು ಮಾಡಿ, ಮುಳುಗಿ ನಾಲ್ಕು ಬೆರಳು ಮೇಲೆ ಬರುವಷ್ಟು ನೀರು ಹಾಕಿ ಇಡೋದು. ಮೊದಲು ಬರೋ ನೊರೆ ಸೌಟಿನಿಂದ ತೆಗೀಬೇಕು. ಜಜ್ಜಿದ ಬಳ್ಳೊಳ್ಳಿ, ಹಸಿಶುಂಠಿ, ಒಂದು ಉಳ್ಳಾಗಡ್ಡಿ, ಕೊತ್ತಂಬರಿಯ ದಂಟು. ಕರಿಮೆಣಸು, ಜೀರಿಗೆ ಕುಟ್ಟಿ ಕೊನೆಗೆ ಹಾಕೋದು. ಉಪ್ಪೂ ಕೊನೆಗೇ. ಖಾರದಪುಡಿ ಮುಟ್ಟಂಗಿಲ್ಲ. ನಾನೊಮ್ಮೆ ಕುಕ್ಕರಿನಲ್ಲಿ ಹತ್ತು ಸೀಟಿ ಹೊಡಿಸಿ ಕೊಟ್ಟಿದ್ದೆ. ಒಂದು ಗುಟುಕು ಕುಡಿದು, "ಯವ್ವಾ, ಇದು ನೀರು. ತುಟಿಗೆ ತುಟಿ ಅಂಟಿದ್ರ ಅದು ಪಾಯಾ" ಅಂದ. ಸಣ್ಣ ಉರಿಯಲ್ಲಿ ಐದಾರು ತಾಸು ಕುದಿಸಿದ್ರೆ ಮಾತ್ರ ಆ ಅಂಟು ಬರುತ್ತೆ.

ಅಪ್ಪ 1964ರಲ್ಲಿ ಬೆಳಗಾವಿಯಲ್ಲಿ ಭರ್ತಿಯಾದ, ಮಹಾರ್ ರೆಜಿಮೆಂಟಿಗೆ. ಟ್ರೇನಿಂಗಿಗೆ ಸಾಗರಕ್ಕೆ ಹೋಗ್ತಾನೆ ಅಂದಾಗ ನಮ್ಮ ಆಯಿ, "ಶಿವಮೊಗ್ಗಾ ಕಡೆ ಸಾಗರ ಅಂತ ಮಾಸ್ತರು ಹೇಳ್ಯಾರ, ಬಾಳ ದೂರ ಇಲ್ಲ" ಅಂತ ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳಂತೆ. ಅದು ಮಧ್ಯಪ್ರದೇಶದ ಸಾಗರ ಅಂತ ಅವಳಿಗೆ ಗೊತ್ತಾಗಿದ್ದು ಆರು ತಿಂಗಳಾದರೂ ಮಗ ಬಾರದಿದ್ದಾಗ.

ಕೇರಿಯ ಹುಡುಗನೊಬ್ಬ ಸೈನ್ಯಕ್ಕೆ ಸೇರೋದು ಅಷ್ಟು ಸಣ್ಣ ಮಾತಾಗಿರಲಿಲ್ಲ. 1818ರ ಜನವರಿ 1ರ ಕೋರೆಗಾಂವ್ ನಿಮಗೆಲ್ಲ ಗೊತ್ತು. ಅದಾದ ಮೇಲೆ ಏನಾಯ್ತು ಅನ್ನೋದನ್ನ ನಾವು ಕಡಿಮೆ ಮಾತಾಡ್ತೀವಿ. 1890ರ ದಶಕದಲ್ಲಿ ಅದೇ ಬ್ರಿಟಿಷರು, ಇವರು ಯುದ್ಧದ ಜಾತಿಯವರಲ್ಲ ಅಂತ ಮಹಾರರ ಭರ್ತಿ ನಿಲ್ಲಿಸಿಬಿಟ್ಟರು. ಪೆನ್ಶನ್ ಪಡೆದ ಸೈನಿಕ ಗೋಪಾಳ ಬಾಬಾ ವಲಂಗಕರ್ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಪುಣೆಯಿಂದ ಮತ್ತೆ ಬರೆದರು. ಮೊದಲ ಮಹಾಯುದ್ಧಕ್ಕೆ ಆಳು ಸಾಲದಾದಾಗ 1917ರಲ್ಲಿ 111ನೇ ಮಹಾರ್ಸ್ ಅಂತ ಪಡೆ ಕಟ್ಟಿದರು, ಕೆಲಸ ಮುಗಿದ ಮೇಲೆ 1921ರಲ್ಲಿ ಬರಖಾಸ್ತು. ಬಾಬಾಸಾಹೇಬರು 1941ರಲ್ಲಿ ವೈಸರಾಯ್‌ನ ರಕ್ಷಣಾ ಸಲಹಾ ಸಮಿತಿಗೆ ಹೋದರು, ಒತ್ತಾಯ ಮಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಶುರುವಾಯ್ತು. ಎಲ್ಲಿ? ನಮ್ಮ ಬೆಳಗಾವಿಯಲ್ಲಿ. ಆಗಿನ ಬ್ಯಾಜಿನ ಮೇಲೆ ಕೋರೆಗಾಂವ್ ಸ್ತಂಭವೇ ಇತ್ತು.

ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರೂ ಸುಬೇದಾರರು, ಮಹೂವಿನ ಸೈನಿಕ ಶಾಲೆಯಲ್ಲಿ ಹೆಡ್‌ಮಾಸ್ತರು. ಊರಿನ ಶಾಲೆ ನಮ್ಮವರನ್ನ ಹೊರಗೆ ಕೂರಿಸುತ್ತಿದ್ದ ಕಾಲದಲ್ಲಿ ಅಕ್ಷರ ಸಿಕ್ಕಿದ್ದು ಕಂಟೋನ್ಮೆಂಟಿನ ಒಳಗೆ. ಇದನ್ನ ಮರೀಬಾರದು.

ಅಪ್ಪ ಸೈನ್ಯದ ಬಗ್ಗೆ ಹೇಳ್ತಿದ್ದದ್ದು ಯುದ್ಧದ ಕತೆ ಅಲ್ಲ, ಲಂಗರಿನ ಕತೆ. ಚಳಿಗಾಲದಲ್ಲಿ ಮಟನ್ ಆದ ದಿನ ಎಲುಬು, ಕಾಲು ಎಲ್ಲ ಡೇಗಿಗೆ ಹಾಕಿ ಕುದಿಸ್ತಿದ್ದರಂತೆ. ರಾತ್ರಿ ಪಹರೆಯವರಿಗೆ ಬಿಸಿಬಿಸಿ ಕಳಿಸ್ತಿದ್ದರು. "ಒಂದ ಮಗ್ಗಾ, ನಾಕ ಮಂದಿ. ನಾ ಕುಡದು ಬಾಜೂಕಿನಾಂವಗ ಕೊಡಾಂವ, ಅಂವ ಕುಡದು ಮುಂದ ಕೊಡಾಂವ. ಮೊದಲನೇ ಸಲ ನನ್ನ ಬಾಯಿ ಹಚ್ಚಿದ ಮಗ್ಗಾ ಇನ್ನೊಬ್ಬ ತನ್ನ ಬಾಯಿಗೆ ಹಚ್ಚಿದಾಗ ನನಗ ಕೈ ನಡಗಿತು. ಥಂಡಿಗೆ ಅಂತ ಅಂದ್ಕೊಂಡ್ರು." ಆಗ ಅಪ್ಪನಿಗೆ ಹತ್ತೊಂಬತ್ತು ವಯಸ್ಸು. ಆ ಪಿಂಗಾಣಿ ಮಗ್ಗಾ ಅವನ ಜೊತೆ ಮನೆಗೆ ಬಂತು. ಬಿಳಿ ಬಣ್ಣ, ನೀಲಿ ಅಂಚು, ಎರಡು ಕಡೆ ಪಿಂಗಾಣಿ ಎದ್ದು ಕಪ್ಪಾಗಿದೆ. ಫೋಟೋದಲ್ಲಿ ಇರೋದು ಅದೇ.

ಯುದ್ಧ ಮುಗಿದು 1972ರಲ್ಲಿ ರಜೆ ಮೇಲೆ ಊರಿಗೆ ಬಂದ. ಬಸ್ಸಿಳಿದಾಗ ಮೈಮೇಲೆ ವರ್ದಿ, ಹೆಗಲಿಗೆ ಟ್ರಂಕು. ಸ್ಟ್ಯಾಂಡಿನ ಚಾದಂಗಡಿಯಲ್ಲಿ ನಾಲ್ಕು ಮಂದಿ ಕೂತಿದ್ದರು. ಯುದ್ಧದ ಸುದ್ದಿ ಕೇಳಿದರು, ಶಾಬಾಸ್ ಅಂದರು. ಅಪ್ಪ ಒಂದು ಚಾ ಹೇಳಿದ. ಅಂಗಡಿಯವ ಚಾ ಕಾಸಿ, ಹೊರಗಿನ ಗೋಡೆಯ ಮಾಡದ ಕಡೆ ಕೈ ತೋರಿಸಿದ. ಅಲ್ಲಿ ನಮ್ಮವರ ಕಪ್ಪು ಇರ್ತಿತ್ತು. ತೊಳಕೊಂಡು ಹಿಡೀಬೇಕು, ಮೇಲಿಂದ ಸುರೀತಾನೆ.

ಅಪ್ಪ ಜಗಳ ಮಾಡಲಿಲ್ಲ. ಟ್ರಂಕು ಎತ್ತಿಕೊಂಡು ಮನೆಗೆ ಬಂದ. ಅವತ್ತಿನಿಂದ ಸಾಯೋತನಕ ಚಾ ಕುಡೀಲಿಲ್ಲ. ಆ ಅಂಗಡಿಯಲ್ಲಿ ಮಾತ್ರ ಅಲ್ಲ, ಎಲ್ಲೂ. ನನ್ನ ಮದುವೆ ಮಾತುಕತೆಗೆ ಬೀಗರು ಬಂದಾಗಲೂ ಕಪ್ಪು ಮುಟ್ಟಲಿಲ್ಲ, ಅವರು ತಪ್ಪು ತಿಳ್ಕೊಂಡರು. ಈ ಕತೆ ನನಗೆ ಗೊತ್ತಾಗಿದ್ದು ಅವ್ವನಿಂದ, ಅದೂ ಬಹಳ ತಡವಾಗಿ.

ತಡವಾಗಿದ್ದರಿಂದಲೇ ನಾನೊಂದು ತಪ್ಪು ಮಾಡಿದೆ. ಇದನ್ನ ಇಲ್ಲಿ ಒಪ್ಪಿಕೊಳ್ಳಲೇಬೇಕು. ಬಿ.ಎ. ಮಾಡುವಾಗ ಸಂಘಟನೆ ಸೇರಿದ್ದೆ, ಹೊಸದಾಗಿ ಓದ್ತಿದ್ದೆ, ಬಾಯಿ ಜೋರಿತ್ತು. ಒಂದು ದಿನ ಊಟಕ್ಕೆ ಕೂತಾಗ ಕೇಳಿಬಿಟ್ಟೆ, "ಊರಾಗ ಗುಡಿ ಒಳಗ ಬಿಡೂದಿಲ್ಲ, ನೀ ಯಾರ ದೇಶಾ ಕಾಯಾಕ ಹೋಗಿದ್ದಿ?" ಅಂತ. ಅವ್ವ ಸೌಟು ಹಿಡಕೊಂಡು ನಿಂತೇ ಬಿಟ್ಟಳು. ಅಪ್ಪ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ತಿಂದ. ಕೈ ತೊಳೆದು ಬಂದು ಹೇಳಿದ: "ನಾ ಕಾದದ್ದು ನನ್ನ ಬಾಜೂಕಿದ್ದಾಂವನ್ನ. ಅಂವ ನನ್ನ ಕಾದ. ದೇಶಾ ಅಂದ್ರ ನನಗ ಅಷ್ಟ ಕಂಡದ್ದು. ಇನ್ನ ಈ ಮಾತ ಕೇಳಾಕ ನಿನಗ ಸಾಲಿ ಕಲಿಸಿದ್ದು ಆ ಪೆನ್ಶನ್ನ."

ಅದು ಸತ್ಯ. 1979ರಲ್ಲಿ ಹದಿನೈದು ವರ್ಷ ಮುಗಿಸಿ ನಾಯಕ್ ಆಗಿ ಬಂದ. ಆ ಸಣ್ಣ ಪೆನ್ಶನ್ ಇಲ್ಲದಿದ್ದರೆ ನಾನೂ ಬೀಡಿ ಕಟ್ಟುತ್ತಾ ಕೂತಿರ್ತಿದ್ದೆ, ಈ ಕ್ಲರ್ಕ್ ಕುರ್ಚಿ ಕನಸಿನ ಮಾತು.

2021ರಲ್ಲಿ ಯುದ್ಧಕ್ಕೆ ಐವತ್ತು ವರ್ಷ. ಊರಲ್ಲಿ ಸನ್ಮಾನ ಇಟ್ಟರು. ಹೋಗಬೇಡ ಅಂತ ನಾನೇ ಹೇಳಿದೆ. ಅಪ್ಪ ಟ್ರಂಕು ತೆಗೆಸಿದ, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಎರಡನ್ನೂ ಕೋಟಿಗೆ ಹಚ್ಚಿಸಿಕೊಂಡ. ಬಹಳ ವರ್ಷದ ಮೇಲೆ ಅವು ಹೊರಗೆ ಬಂದಿದ್ದು. ಸ್ಟೇಜಿನ ಮೇಲೆ ಶಾಲು ಹೊದಿಸಿದರು. ಚಾ ಕೊಟ್ಟರು, ಎಲ್ಲರಿಗೂ ಒಂದೇ ಥರದ ಪೇಪರ್ ಕಪ್ಪಿನಲ್ಲಿ. ಅಪ್ಪ ಕೈಮುಗಿದು ಬೇಡ ಅಂದ. ಮೈಕು ಕೊಟ್ಟಾಗ ಒಂದೇ ಮಾತು ಹೇಳಿದ: "ನನ್ನ ಜಮೀನಿನ ಅರ್ಜಿ ಏನಾತು, ಯಾರರ ನೋಡ್ರಿ." ಮನೆಗೆ ಬಂದು ಶಾಲು ಅವ್ವನ ಕೈಗೆ ಕೊಟ್ಟು, "ಬೋಗಾಣಿ ಇಳಸಾಕ ಚಲೋ ಐತಿ ನೋಡ" ಅಂದ.

1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೂ ಪಾಲಿದೆ, ಪರಿಶಿಷ್ಟ ಜಾತಿಯವರಿಗೂ ಪಾಲಿದೆ. ಅಪ್ಪ ಎರಡೂ ಆಗಿದ್ದ. ಅರ್ಜಿ ಕೊಟ್ಟ, ಮತ್ತೆ ಕೊಟ್ಟ. ಒಮ್ಮೆ ಜಮೀನಿಲ್ಲ ಅಂದರು, ಒಮ್ಮೆ ಫೈಲಿಲ್ಲ ಅಂದರು. ನಾನು ದಿನಾ ಫೈಲು ಹಿಡಿಯೋ ಕೆಲಸದವಳು. ಬೇರೆಯವರ ಜಮೀನಿಗೆ ಧರಣಿ ಕೂತಿದೀನಿ. ಅಪ್ಪನ ಫೈಲಿಗೆ ಮಾತ್ರ "ನೋಡೂಣು ತಡಿಯಪ್ಪಾ" ಅಂದುಕೊಂಡೇ ಬಂದೆ. ಸ್ವಂತದ ಕೆಲಸಕ್ಕೆ ಓಡಾಡಿದರೆ ಸಂಘಟನೆಯವರು ಏನಂತಾರೋ ಅನ್ನೋ ಅಳುಕು. 2022ರಲ್ಲಿ ಅಪ್ಪ ಹೋದ. ಫೈಲು ಹಾಗೇ ಇದೆ. ಹೋದ ತಿಂಗಳು ಅವ್ವನ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೀನಿ, ಈ ಸಲ ಬಿಡಲ್ಲ.

ಮೊನ್ನೆ ಸಂಘಟನೆಯ ತಮ್ಮನೊಬ್ಬ ಮನೆಗೆ ಬಂದಿದ್ದ. ಬಾಬಾಸಾಹೇಬರ ಫೋಟೋ ಪಕ್ಕದಲ್ಲಿ ವರ್ದಿಯ ಅಪ್ಪನ ಫೋಟೋ ನೋಡಿ, "ಅಕ್ಕಾ, ನಾವು ಪ್ರಭುತ್ವವನ್ನ ಪ್ರಶ್ನೆ ಮಾಡೋರು, ಇದು ಯಾಕೆ?" ಅಂದ. ನಾನು ಅಪ್ಪನಿಗೆ ಕೇಳಿದ್ದೇ ಮಾತು, ಸ್ವಲ್ಪ ನಾಜೂಕಾಗಿ. ತಮ್ಮಾ, ನಿನ್ನ ಪ್ರಶ್ನೆ ತಪ್ಪಲ್ಲ. ಯುದ್ಧ ನನಗೂ ಬೇಡ, ಅಪ್ಪನಿಗೂ ಬೇಕಿರಲಿಲ್ಲ. ಆದ್ರೆ ಅವನ ಹದಿನೈದು ವರ್ಷದ ದುಡಿಮೆಯನ್ನ ನಾವು ಗೋಡೆಯಿಂದ ಇಳಿಸಿದರೆ ಅದು ಯಾರ ಪಾಲಾಗುತ್ತೆ? ಶಾಲು ಹೊದಿಸಿ ಫೈಲು ಮುಚ್ಚೋರ ಪಾಲಾಗುತ್ತೆ. ಅದಕ್ಕೆ ಆ ಫೋಟೋ ಅಲ್ಲೇ ಇರಲಿ.

ನಿಮ್ಮ ಕೇರಿಗಳಲ್ಲೂ ಇಂಥ ಟ್ರಂಕುಗಳಿವೆ. ತೆಗೀರಿ. ಡಿಸ್ಚಾರ್ಜ್ ಪುಸ್ತಕ ಹುಡುಕಿ, ಸರ್ವಿಸ್ ನಂಬರ್ ಬರೆದಿಡಿ. ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಅದರಲ್ಲೂ ಆಧಾರಿನಲ್ಲೂ ಒಂದೇ ಇದೆಯಾ ನೋಡಿ. ನಮ್ಮ ಅವ್ವನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ಕುಟುಂಬ ಪಿಂಚಣಿಗೆ ಹನ್ನೊಂದು ತಿಂಗಳು ಓಡಾಡಿದ್ದೀವಿ. ಹಿರಿಯರು ಇರುವಾಗಲೇ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ಸರಿಪಡಿಸಿಕೊಳ್ಳಿ. ಯಾರಿಗಾದ್ರೂ ಅರ್ಜಿ ಬರೆಯೋಕೆ ಬರದಿದ್ರೆ ಇನ್‌ಬಾಕ್ಸಿಗೆ ಬನ್ನಿ, ನಾನು ಬರೆದು ಕೊಡ್ತೀನಿ. ಅದು ನನಗೆ ಬರೋ ಕೆಲಸ.

ಈಗ ಆರೂವರೆ. ಮೆಣಸು-ಜೀರಿಗೆ ಕುಟ್ಟಬೇಕು. ಅವ್ವ ಬೆರಳಲ್ಲಿ ಒಂದು ಹನಿ ತಗೊಂಡು ತುಟಿಗೆ ಹಚ್ಚಿ ನೋಡಿದ್ದಾಳೆ, "ಇನ್ನೊಂದ ಸ್ವಲ್ಪ" ಅಂದಿದ್ದಾಳೆ. ಆ ತಮ್ಮನಿಗೂ ಫೋನ್ ಮಾಡಿ ಕರೆದಿದೀನಿ. ಹತ್ತಿರ ಇರೋರು ಎಂಟಕ್ಕೆ ಬನ್ನಿ. ಮಗ್ಗಾ ಮಾತ್ರ ಒಂದೇ ಇದೆ, ಪಾಳಿ ಪ್ರಕಾರ ಕುಡೀಬೇಕು.

ಜೈ ಭೀಮ್.